ಖಾಲಿ ಬಿಟ್ಟ ಜಾಗ ಯಾರದು? ಯುದ್ಧಕಾಲದ ಸೇನಾ ಭರ್ತಿ ಪೋಸ್ಟರ್ ಓದುವ ಕ್ರಮ

1915ರಲ್ಲಿ ಬ್ರಿಟನ್ನಿನಲ್ಲಿ ಅಚ್ಚಾದ ಒಂದು ಪೋಸ್ಟರ್ ಇದೆ. ಸೈನಿಕರು ಸಾಲಾಗಿ ನಿಂತಿದ್ದಾರೆ. ಸಾಲಿನಲ್ಲಿ ಒಬ್ಬ ನಿಲ್ಲುವಷ್ಟು ಜಾಗ ಖಾಲಿ ಇದೆ. 'ಸಾಲಿನಲ್ಲಿ ನಿನಗಿನ್ನೂ ಒಂದು ಜಾಗವಿದೆ, ತುಂಬುತ್ತೀಯಾ?' ಎಂಬ ಅರ್ಥದ ಮಾತು ಜೊತೆಗಿದೆ. ಚಿತ್ರ ಅಂಥ ಸುಂದರವೇನಲ್ಲ. ಆದರೆ ಸೇನಾ ಭರ್ತಿ ಪೋಸ್ಟರ್‌ಗಳ ಇಡೀ ಗುಟ್ಟನ್ನು ಅದು ಬಾಯಿಬಿಟ್ಟು ಹೇಳಿಬಿಡುತ್ತದೆ. ಇಂಥ ಪೋಸ್ಟರಿನ ಮುಖ್ಯ ಪಾತ್ರ ಚಿತ್ರದೊಳಗೆ ಇರುವುದಿಲ್ಲ. ಆ ಪಾತ್ರ ರಸ್ತೆಯಲ್ಲಿ, ಗೋಡೆಯ ಮುಂದೆ, ನೋಡುತ್ತಾ ನಿಂತಿರುತ್ತದೆ.

ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ನಾವು ಕೇಳುತ್ತಾ ಹೋಗುವುದು ಒಂದೇ ಪ್ರಶ್ನೆ. ಈ ಚಿತ್ರ ನನ್ನನ್ನು ಎಲ್ಲಿ ನಿಲ್ಲಿಸಿದೆ? ಬೆರಳು, ಬಣ್ಣ, ಅಕ್ಷರ, ಮಗುವಿನ ಮುಖ, ಶತ್ರುವಿನ ಹಲ್ಲು, ಎಲ್ಲವೂ ಆ ಪ್ರಶ್ನೆಗೆ ಉತ್ತರ ಕೊಡುತ್ತವೆ.

ಬೇಕಾಗಿರುವುದು ಹೆಚ್ಚೇನಿಲ್ಲ. ಪೋಸ್ಟರಿನ ದೊಡ್ಡ ಪ್ರತಿ, ಒಂದು ಹಾಳೆ, ಒಂದು ಪೆನ್ಸಿಲ್, ಮತ್ತು ನಿಮ್ಮ ಅಂಗೈ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಮತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಮ್ಮ ಸಂಗ್ರಹದ ಪೋಸ್ಟರ್‌ಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ. ಅಂಗೈ ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹಂತ 1: ಮೂರು ಸೆಕೆಂಡು ನೋಡಿ, ಆಮೇಲೆ ಮುಚ್ಚಿಡಿ

ಪೋಸ್ಟರನ್ನು ಮೂರು ಸೆಕೆಂಡು ಮಾತ್ರ ನೋಡಿ. ಮುಚ್ಚಿ. ನೆನಪಿಗೆ ಬಂದದ್ದನ್ನು ಬಂದ ಕ್ರಮದಲ್ಲೇ ಹಾಳೆಯ ಮೇಲೆ ಬರೆಯಿರಿ. ಯೋಚಿಸಿ ತಿದ್ದಬೇಡಿ.

ಇದು ಸುಮ್ನೆ ಆಟವಲ್ಲ. ಈ ಪೋಸ್ಟರ್‌ಗಳು ಗೋಡೆ, ರೈಲು ನಿಲ್ದಾಣ, ಟ್ರಾಮ್, ಅಂಗಡಿ ಕಿಟಕಿಗಳ ಮೇಲೆ ಇರುತ್ತಿದ್ದವು. ನೋಡುವವನು ಕೆಲಸಕ್ಕೆ ಹೊರಟವನು. ಅವನ ಕಣ್ಣು ಅಲ್ಲಿ ನಿಲ್ಲುವುದೇ ಕೆಲವು ಕ್ಷಣ. ಕಲಾವಿದ ಆ ಕೆಲವು ಕ್ಷಣಕ್ಕಾಗಿಯೇ ಚಿತ್ರ ಬರೆದಿರುತ್ತಾನೆ. ನೀವು ಮೊದಲು ಬರೆದ ಎರಡು ಮೂರು ಪದಗಳು, 'ಬೆರಳು', 'ಕೆಂಪು', 'ಮಗು' ಎಂಬಂಥವು, ಅವನು ನಿಮಗೆ ಮೊದಲು ತಲುಪಿಸಬೇಕೆಂದುಕೊಂಡದ್ದು. ಆ ಹಾಳೆಯನ್ನು ಇಟ್ಟುಕೊಳ್ಳಿ. ಅರ್ಧ ಗಂಟೆ ನೋಡಿದ ಮೇಲೆ ನಮಗೆ ಮೊದಲ ಪೆಟ್ಟಿನ ನೆನಪೇ ಹೋಗಿಬಿಡುತ್ತದೆ.

ಹಂತ 2: ವರ್ಷ ನೋಡಿ, ಕಾನೂನು ನೋಡಿ

ಚಿತ್ರದ ಒಳಗೆ ಇಳಿಯುವ ಮೊದಲು ಒಂದು ವಿಷಯ ಗೊತ್ತಿರಬೇಕು. ಆ ವರ್ಷ, ಆ ದೇಶದಲ್ಲಿ ಸೈನ್ಯ ಸೇರುವುದು ಜನರ ಇಷ್ಟಕ್ಕೆ ಬಿಟ್ಟದ್ದಾಗಿತ್ತೇ, ಇಲ್ಲವೇ ಕಡ್ಡಾಯವಾಗಿತ್ತೇ?

ಮೊದಲ ಮಹಾಯುದ್ಧ ಶುರುವಾದಾಗ ಜರ್ಮನಿ ಮತ್ತು ಫ್ರಾನ್ಸ್‌ನಲ್ಲಿ ಕಡ್ಡಾಯ ಸೇನಾ ಸೇವೆ ಇತ್ತು. ಬ್ರಿಟನ್ನಿನಲ್ಲಿ ಇರಲಿಲ್ಲ. ಅಲ್ಲಿ ಕಡ್ಡಾಯದ ಕಾನೂನು ಬಂದದ್ದು 1916ರ ಜನವರಿಯಲ್ಲಿ. ಅಲ್ಲಿಯವರೆಗೆ ಸರ್ಕಾರ ಜನರ ಮನಸ್ಸು ಒಲಿಸಲೇಬೇಕಿತ್ತು. ಅದಕ್ಕಾಗಿಯೇ 1914ರಲ್ಲಿ ಎಲ್ಲ ಪಕ್ಷಗಳ ಸಂಸದರೂ ಸೇರಿದ ಪಾರ್ಲಿಮೆಂಟರಿ ರಿಕ್ರೂಟಿಂಗ್ ಕಮಿಟಿ ಹುಟ್ಟಿಕೊಂಡಿತು. ನಾವು ಇಂದು ನೋಡುವ ಹೆಸರಾಂತ ಬ್ರಿಟಿಷ್ ಪೋಸ್ಟರ್‌ಗಳಲ್ಲಿ ಹೆಚ್ಚಿನವು 1915ರಲ್ಲಿ ಈ ಸಮಿತಿ ಹೊರತಂದವು. ಆಸ್ಟ್ರೇಲಿಯಾದ ಕಥೆ ಇನ್ನೂ ಬೇರೆ. ಹೊರದೇಶದ ಯುದ್ಧಕ್ಕೆ ಜನರನ್ನು ಕಡ್ಡಾಯವಾಗಿ ಕಳಿಸಬೇಕೇ ಎಂದು ಅಲ್ಲಿ 1916 ಮತ್ತು 1917ರಲ್ಲಿ ಎರಡು ಸಲ ಮತ ಕೇಳಿದರು. ಎರಡು ಸಲವೂ ಜನ ಬೇಡ ಎಂದರು. ಹಾಗಾಗಿ ಯುದ್ಧ ಮುಗಿಯುವವರೆಗೂ ಅಲ್ಲಿ ಪೋಸ್ಟರ್‌ಗಳಿಗೆ ಕೆಲಸವಿತ್ತು.

ಕಾನೂನು ಬಲವಂತ ಮಾಡಲಾಗದ ಕಡೆ ಚಿತ್ರ ಬಲವಂತ ಮಾಡಲು ನೋಡುತ್ತದೆ. ನಾಚಿಕೆ, ಭಯ, ಹೆಮ್ಮೆ, ಆಸೆ, ಯಾವುದು ಸಿಕ್ಕಿದರೆ ಅದನ್ನು ಎಳೆದು ತರುತ್ತದೆ. ವರ್ಷ ತಿಳಿದರೆ ಅದರ ಅವಸರವೂ ಅರ್ಥವಾಗುತ್ತದೆ.

ಹಂತ 3: ಕಣ್ಣು ಯಾರನ್ನು ನೋಡುತ್ತಿದೆ?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕಳೆಯೋಣ.

1914ರ ಸೆಪ್ಟೆಂಬರ್ 5ರಂದು 'ಲಂಡನ್ ಒಪಿನಿಯನ್' ಪತ್ರಿಕೆಯ ಮುಖಪುಟದಲ್ಲಿ ಆಲ್ಫ್ರೆಡ್ ಲೀಟ್ ಬರೆದ ಚಿತ್ರ ಬಂತು. ಯುದ್ಧ ಸಚಿವ ಲಾರ್ಡ್ ಕಿಚನರ್‌ನ ಮುಖ, ದಪ್ಪ ಮೀಸೆ, ನೇರ ಕಣ್ಣು, ಮುಂದೆ ಚಾಚಿದ ಬೆರಳು. 'ನಿನ್ನ ದೇಶಕ್ಕೆ ನೀನು ಬೇಕು' ಎಂಬ ಸಾಲು. ಆಮೇಲೆ ಪೋಸ್ಟರ್ ಆದಾಗ ಮಾತು ಸ್ವಲ್ಪ ಬದಲಾಯಿತು. ಮೇಲೆ 'ಬ್ರಿಟನ್ನರೇ', ನಡುವೆ ಮುಖ, ಕೆಳಗೆ 'ನಿನ್ನನ್ನು ಬಯಸುತ್ತಾನೆ'. ಯಾರು ಬಯಸುವುದು? ಹೆಸರನ್ನು ಅಚ್ಚು ಹಾಕಲೇ ಇಲ್ಲ. ವಾಕ್ಯದಲ್ಲಿ ಹೆಸರು ಬರಬೇಕಾದ ಜಾಗದಲ್ಲಿ ಮುಖವನ್ನೇ ಇಟ್ಟರು. ಆ ಮುಖ ಅಷ್ಟು ಪರಿಚಿತವಾಗಿತ್ತು.

ಈಗ ಒಂದು ಪ್ರಯೋಗ ಮಾಡಿ. ಚಿತ್ರವನ್ನು ಗೋಡೆಗೆ ಅಂಟಿಸಿ, ಎಡಕ್ಕೆ ನಾಲ್ಕು ಹೆಜ್ಜೆ ಹೋಗಿ, ಬಲಕ್ಕೆ ನಾಲ್ಕು ಹೆಜ್ಜೆ ಹೋಗಿ. ಆ ಕಣ್ಣು ನಿಮ್ಮನ್ನು ಬಿಡುವುದಿಲ್ಲ. ಇದರಲ್ಲಿ ಮಾಯೆ ಏನಿಲ್ಲ. ನಿಜವಾದ ಮನುಷ್ಯನಾದರೆ ನೀವು ಪಕ್ಕಕ್ಕೆ ಸರಿದಾಗ ಅವನ ಮುಖದ ಇನ್ನೊಂದು ಬದಿ ಕಾಣುತ್ತದೆ, ನೋಟ ತಪ್ಪುತ್ತದೆ. ಚಪ್ಪಟೆ ಕಾಗದದ ಮೇಲೆ ಬರೆದ ಮುಖಕ್ಕೆ ಇನ್ನೊಂದು ಬದಿಯೇ ಇಲ್ಲ. ನೀವು ಎಲ್ಲಿಂದ ನೋಡಿದರೂ ಕಾಣುವುದು ಅದೇ ನೇರ ನೋಟ. ಬೆರಳೂ ಹಾಗೆಯೇ. ಕಲಾವಿದ ತೋಳನ್ನು ಬಹುತೇಕ ಮರೆಸಿ, ಬೆರಳ ತುದಿ ಮತ್ತು ಮುಷ್ಟಿಯನ್ನು ಮಾತ್ರ ದೊಡ್ಡದಾಗಿ ಬರೆಯುತ್ತಾನೆ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂದು ನಮ್ಮ ಕಣ್ಣಿಗೆ ರೂಢಿ. ಹಾಗಾಗಿ ಬೆರಳು ಕಾಗದ ಬಿಟ್ಟು ಹೊರಗೆ ಬಂದಂತೆ ಅನಿಸುತ್ತದೆ.

ಜೇಮ್ಸ್ ಮಾಂಟ್ಗೊಮೆರಿ ಫ್ಲ್ಯಾಗ್ ಬರೆದ ಅಮೆರಿಕದ ಅಂಕಲ್ ಸ್ಯಾಮ್ ಇದರ ತಮ್ಮ. ಮೊದಲು 1916ರ ಜುಲೈಯಲ್ಲಿ ಒಂದು ವಾರಪತ್ರಿಕೆಯ ಮುಖಪುಟವಾಗಿ ಬಂದು, 1917ರಲ್ಲಿ 'ಅಮೆರಿಕದ ಸೈನ್ಯಕ್ಕೆ ನೀನು ಬೇಕು' ಎನ್ನುವ ಪೋಸ್ಟರ್ ಆಯಿತು. ಯುದ್ಧ ಮುಗಿಯುವಷ್ಟರಲ್ಲಿ 40 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾದವು. ಫ್ಲ್ಯಾಗ್ ತನ್ನದೇ ಮುಖವನ್ನು ಮಾದರಿಯಾಗಿಟ್ಟುಕೊಂಡು, ವಯಸ್ಸು ಏರಿಸಿ, ಗಡ್ಡ ಸೇರಿಸಿದ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಿಚನರ್ ಒಬ್ಬ ಸೇನಾನಿ, ಬದುಕಿದ್ದ ಮನುಷ್ಯ. ಅಂಕಲ್ ಸ್ಯಾಮ್ ದೇಶಕ್ಕೇ ಕೊಟ್ಟ ಒಂದು ಮುಖ, ಗದರುವ ಮನೆಯ ಹಿರಿಯನ ಹಾಗೆ. ಮೊದಲನೆಯದರ ಮುಂದೆ ನೀವು ಸಿಪಾಯಿ. ಎರಡನೆಯದರ ಮುಂದೆ ನೀವು ಮಾತು ಕೇಳದ ಹುಡುಗ.

1920ರಲ್ಲಿ, ರಷ್ಯಾದ ಅಂತರ್ಯುದ್ಧದ ಕಾಲದಲ್ಲಿ, ದ್ಮಿತ್ರಿ ಮೋರ್ ಬರೆದ ಕೆಂಪು ಸೈನಿಕ ಇನ್ನೊಂದು ದಾರಿ ಹಿಡಿದ. ಅವನು ಸೇನಾಧಿಕಾರಿ ಅಲ್ಲ, ಹಿರಿಯನೂ ಅಲ್ಲ. ನಿಮ್ಮಂತೆಯೇ ಇರುವ ಒಬ್ಬ ಸಾಮಾನ್ಯ, ಹಿಂದೆ ಹೊಗೆಯುಗುಳುವ ಕಾರ್ಖಾನೆ. ಅವನು ಅಪ್ಪಣೆ ಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾನೆ. 'ನೀನು ಸ್ವಯಂಸೇವಕನಾಗಿ ಹೆಸರು ಬರೆಸಿದೆಯಾ?' ಇಂಗ್ಲಿಷಿನ ಪೋಸ್ಟರ್‌ಗಳಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ರಷ್ಯನ್ ಭಾಷೆಯಲ್ಲಿ ನಮ್ಮಲ್ಲಿರುವ ಹಾಗೆ ಎರಡು ಬೇರೆ. ಮೋರ್ 'ನೀನು' ಎಂದೇ ಬರೆದ. ಗೆಳೆಯ ಗೆಳೆಯನನ್ನು ಕೇಳುವ ಹಾಗೆ. ಕನ್ನಡದವರಿಗೆ ಆ ಒಂದು ಪದದ ತೂಕ ವಿವರಿಸಿ ಹೇಳಬೇಕಿಲ್ಲ.

ಎಲ್ಲ ಕೈಗಳೂ ಬೆರಳು ತೋರಿಸುವುದಿಲ್ಲ ಅನ್ನುವುದನ್ನೂ ಗಮನಿಸಿ. 1941ರಲ್ಲಿ ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದಾಗ ಇರಾಕ್ಲಿ ತೊಯ್ಜೆ ಬರೆದ ಪೋಸ್ಟರಿನಲ್ಲಿ ಕೆಂಪು ಉಡುಪಿನ ಒಬ್ಬ ತಾಯಿ ಇದ್ದಾಳೆ. ಕಲಾವಿದನ ಹೆಂಡತಿ ತಮಾರಾಳೇ ಅದಕ್ಕೆ ಮಾದರಿ. ಒಂದು ಕೈಯಲ್ಲಿ ಸೈನಿಕರ ಪ್ರತಿಜ್ಞೆಯ ಹಾಳೆ, ಇನ್ನೊಂದು ಕೈ ಮೇಲಕ್ಕೆ, ಬೆನ್ನ ಹಿಂದೆ ಬಂದೂಕಿನ ಬಾಯ್ನೆಟ್‌ಗಳ ಸಾಲು. 'ತಾಯ್ನಾಡು ಕರೆಯುತ್ತಿದೆ!' ಎಂದು ಬರೆದಿದೆ. ಕಣ್ಣು ನೇರವಾಗಿದೆ, ಕೈ ಮಾತ್ರ ಕರೆಯುತ್ತದೆ. ತಾಯಿ ಬೆರಳು ತೋರಿಸಿದ್ದರೆ ಚಿತ್ರ ಕೆಟ್ಟುಹೋಗುತ್ತಿತ್ತು ಎಂದು ನನಗೆ ಅನಿಸುತ್ತದೆ. ಮಕ್ಕಳನ್ನು ಗದರುವ ತಾಯಿಗಿಂತ ಕಷ್ಟದಲ್ಲಿ ಕರೆಯುವ ತಾಯಿಯ ಮಾತನ್ನು ತಳ್ಳಿಹಾಕುವುದು ಕಷ್ಟ, ಅಲ್ವಾ?

ನಿಮ್ಮ ಹಾಳೆಯಲ್ಲಿ ಬರೆದುಕೊಳ್ಳಿ. ಕಣ್ಣು ನನ್ನನ್ನು ನೋಡುತ್ತಿದೆಯೇ? ನೋಡುತ್ತಿದ್ದರೆ ಆ ವ್ಯಕ್ತಿ ನನಗೆ ಏನಾಗಬೇಕು? ಅಧಿಕಾರಿಯೇ, ಅಜ್ಜನೇ, ಗೆಳೆಯನೇ, ತಾಯಿಯೇ?

ಹಂತ 4: ಯಾರೂ ನಿಮ್ಮನ್ನು ನೋಡದಿದ್ದರೆ ಖಾಲಿ ಜಾಗ ಹುಡುಕಿ

ಎಷ್ಟೋ ಪೋಸ್ಟರ್‌ಗಳಲ್ಲಿ ಯಾರೂ ನಮ್ಮ ಕಡೆ ತಿರುಗುವುದಿಲ್ಲ. ಆಗ ಚಿತ್ರದೊಳಗೆ ನಮಗಾಗಿ ಬಿಟ್ಟ ಜಾಗವನ್ನು ಹುಡುಕಬೇಕು. ಶುರುವಿನಲ್ಲಿ ಹೇಳಿದ ಸೈನಿಕರ ಸಾಲು ಅಂಥದ್ದು. 'ನಿನ್ನ ಜಾಗಕ್ಕೆ ಬಂದು ನಿಲ್ಲು' ಎನ್ನುವ 1915ರ ಇನ್ನೊಂದು ಪೋಸ್ಟರಿನಲ್ಲಿ ಬೇರೆಬೇರೆ ಕಸುಬಿನ, ಬೇರೆಬೇರೆ ಅಂತಸ್ತಿನ ಗಂಡಸರು ತಮ್ಮ ತಮ್ಮ ಬಟ್ಟೆಯಲ್ಲಿ ಮೆರವಣಿಗೆ ಬರುತ್ತಾರೆ. ಸಾಲು ತಿರುಗಿ ದೂರ ಸಾಗಿದಂತೆ ಎಲ್ಲರೂ ಖಾಕಿ ತೊಟ್ಟ ಸೈನಿಕರಾಗಿರುತ್ತಾರೆ. ಆ ಸಾಲಿನಲ್ಲಿ ನಿಮ್ಮ ಕಸುಬಿನವನನ್ನು ಕಣ್ಣು ತಾನಾಗಿಯೇ ಹುಡುಕುತ್ತದೆ. ಸಿಕ್ಕ ಕೂಡಲೇ ಅವನ ಜೊತೆ ನೀವೂ ತಿರುವು ದಾಟಿ ಖಾಕಿಗೆ ಹೋಗಿಬಿಡುತ್ತೀರಿ.

ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೋವೆಲ್ ಕೂಡ ಅದೇ ವರ್ಷ ಒಂದು ಪೋಸ್ಟರ್ ಮಾಡಿದರು. ಸೈನಿಕ, ನಾವಿಕ, ನರ್ಸ್, ಸ್ಕೌಟ್ ಹುಡುಗ, ಕಾರ್ಖಾನೆಯ ಕೆಲಸದವರು, ಎಲ್ಲರೂ ದುಡಿಯುತ್ತಿದ್ದಾರೆ. ಒಬ್ಬ ಮಾತ್ರ ಜೇಬಿನಲ್ಲಿ ಕೈ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದಾನೆ. 'ನೀನು ಇದರಲ್ಲಿ ಇದ್ದೀಯಾ?' ಎಂಬುದು ಪ್ರಶ್ನೆ. ಇಲ್ಲಿ ಖಾಲಿ ಜಾಗಕ್ಕೆ ಬದಲು ನಿಮ್ಮದೇ ಬಿಂಬವನ್ನು ಇಟ್ಟಿದ್ದಾರೆ, ಯಾರಿಗೂ ಇಷ್ಟವಾಗದ ಬಿಂಬ. ಅವನ ಮೇಲೆ ಅಂಗೈ ಇಟ್ಟು ಮುಚ್ಚಿ ನೋಡಿ. ಉಳಿಯುವುದು ದುಡಿಯುವ ಜನರ ಒಂದು ಚೆಂದದ ಚಿತ್ರ. ಕೈ ತೆಗೆಯಿರಿ. ಚಿತ್ರ ನಿಮ್ಮ ಮೇಲೆ ಬೀಳುತ್ತದೆ. ಈ ಅಂಗೈ ಪರೀಕ್ಷೆಯನ್ನು ಮುಂದೆಯೂ ಮಾಡಿ. ಯಾವ ಭಾಗ ಮುಚ್ಚಿದರೆ ಪೋಸ್ಟರಿನ ಜೀವ ಹೋಗುತ್ತದೆಯೋ ಅದೇ ಅದರ ಗುಂಡಿಗೆ.

ಹಂತ 5: ಬೇರೆ ಯಾರ ಮುಂದೆ ನಿಮ್ಮನ್ನು ನಿಲ್ಲಿಸಿದ್ದಾರೆ?

ಸರ್ಕಾರದ ಮಾತಿಗೆ ಬೆನ್ನು ತಿರುಗಿಸುವುದು ಸುಲಭ. ಮನೆಯವರ ಮಾತಿಗೆ ಅಷ್ಟು ಸುಲಭವಲ್ಲ. ಇದನ್ನು ಪೋಸ್ಟರ್ ಮಾಡಿದವರು ಬೇಗ ಕಂಡುಕೊಂಡರು.

1915ರಲ್ಲಿ ಸ್ಯಾವಿಲ್ ಲಮ್ಲಿ ಬರೆದ ಪೋಸ್ಟರ್ ನೋಡಿ. ಅಪ್ಪ ಆರಾಮ ಕುರ್ಚಿಯಲ್ಲಿ ಕೂತಿದ್ದಾನೆ. ತೊಡೆಯ ಮೇಲೆ ಮಗಳು, ಅವಳ ಮುಂದೆ ತೆರೆದ ಪುಸ್ತಕ. ನೆಲದ ಮೇಲೆ ಮಗ ಆಟಿಕೆ ಸೈನಿಕರನ್ನು ಜೋಡಿಸುತ್ತಿದ್ದಾನೆ. ಕೆಳಗೆ ಮಗಳ ಪ್ರಶ್ನೆ. 'ಅಪ್ಪಾ, ಮಹಾಯುದ್ಧದಲ್ಲಿ ನೀನು ಏನು ಮಾಡಿದೆ?' ಮಕ್ಕಳಿಬ್ಬರೂ ನಮ್ಮನ್ನು ನೋಡುವುದಿಲ್ಲ. ಅಪ್ಪ ನೋಡುತ್ತಾನೆ. ಉತ್ತರವಿಲ್ಲದ ಆ ಮುಖ ಮಗಳ ಕಡೆಯಿಂದ ತಪ್ಪಿಸಿಕೊಂಡು ನಮ್ಮ ಕಡೆ ಬಂದಿದೆ.

ಈ ಚಿತ್ರದ ಜಾಣತನ ಕಾಲದಲ್ಲಿದೆ. ಯುದ್ಧ ಇನ್ನೂ ನಡೆಯುತ್ತಿರುವಾಗ ಯುದ್ಧ ಮುಗಿದ ಮೇಲಿನ ಮನೆಯನ್ನು ಬರೆದಿದ್ದಾರೆ. 'ಮಾಡಿದೆ' ಎನ್ನುವುದು ಭೂತಕಾಲ. ಎಂದರೆ ಯುದ್ಧ ಗೆದ್ದಾಗಿದೆ, ಮನೆ ಬೆಚ್ಚಗಿದೆ, ಮಕ್ಕಳು ಕ್ಷೇಮವಾಗಿದ್ದಾರೆ. ನೋಡುವ ಗಂಡಸು ಬದುಕಿಯೂ ಇದ್ದಾನೆ. ಸಾವಿನ ಭಯವನ್ನು ಬದಿಗೆ ಸರಿಸಿ ಅಲ್ಲಿ ನಾಚಿಕೆಯ ಭಯವನ್ನು ಇಟ್ಟಿದ್ದಾರೆ. ಮುದ್ರಣ ಸಂಸ್ಥೆಯ ಆರ್ಥರ್ ಗನ್ ಎಂಬುವರಿಗೆ ಈ ಯೋಚನೆ ಹೊಳೆಯಿತು ಎಂದು ಅವರ ಮಗ ಮುಂದೆ ಹೇಳಿದ್ದಾರೆ. ಸೈನ್ಯ ಸೇರದೆ ಉಳಿದರೆ ನಾಳೆ ತನ್ನ ಮಕ್ಕಳಿಗೆ ಏನು ಹೇಳಲಿ ಎಂದು ಅವರು ತಮ್ಮನ್ನೇ ಕೇಳಿಕೊಂಡರಂತೆ. ಇನ್ನೊಬ್ಬರನ್ನು ಒಪ್ಪಿಸಲು ತನ್ನ ಸಂಕಟವನ್ನೇ ಚಿತ್ರ ಮಾಡಿಸಿದ್ದರಿಂದ ಅದಕ್ಕೆ ಅಷ್ಟು ಮೊನೆ ಬಂತು.

ಇನ್ನೊಂದು, ಅದೇ ವರ್ಷದ್ದು. ಇ. ಜೆ. ಕೀಲಿ ಬರೆದದ್ದು. ಇಬ್ಬರು ಹೆಂಗಸರು, ಒಬ್ಬ ಚಿಕ್ಕ ಹುಡುಗ, ಮನೆಯೊಳಗಿಂದ ಹೊರಗೆ ನೋಡುತ್ತಿದ್ದಾರೆ. ಹೊರಗೆ ಸೈನಿಕರು ನಡೆದು ಹೋಗುತ್ತಿದ್ದಾರೆ. 'ಬ್ರಿಟನ್ನಿನ ಹೆಂಗಸರು ಹೇಳುತ್ತಾರೆ, ಹೋಗು!' ಎಂಬ ಸಾಲು. ಈಗ ನಮ್ಮ ಪ್ರಶ್ನೆ ಕೇಳಿ. ನಾನು ಎಲ್ಲಿ ನಿಂತಿದ್ದೇನೆ? ಮನೆಯೊಳಗೆ! ಹೆಂಗಸರ, ಮಗುವಿನ ಜೊತೆ, ಉಳಿದವರ ಗುಂಪಿನಲ್ಲಿ. ಹೆಂಗಸರ ಕಣ್ಣು ಹೋಗುತ್ತಿರುವವರ ಮೇಲಿದೆ, ನನ್ನ ಮೇಲಿಲ್ಲ. ಯಾರೂ ಬೆರಳು ತೋರಿಸಿಲ್ಲ, ಯಾರೂ ಬೈದಿಲ್ಲ. ಆದರೂ ಒಳಗೆ ಉಳಿದ ಗಂಡಸಿಗೆ ತಾನು ತಪ್ಪು ಜಾಗದಲ್ಲಿದ್ದೇನೆ ಎಂದು ಅನಿಸುತ್ತದೆ. ಹೆಂಗಸರಿಗೂ ಈ ಚಿತ್ರದಲ್ಲಿ ಒಂದು ಪಾಠವಿದೆ. ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ ಅಳದೆ ಕಳಿಸಿಕೊಡುತ್ತಾಳೆ ಎಂದು ಅದು ಕಲಿಸುತ್ತದೆ. ಒಂದೇ ಕಾಗದ ಇಬ್ಬರ ಮೇಲೂ ಒತ್ತಡ ಹಾಕುತ್ತದೆ.

ಐರ್ಲೆಂಡಿನ ಒಂದು ಪೋಸ್ಟರಿನಲ್ಲಿ ಹೆಂಗಸೇ ಬಂದೂಕು ಹಿಡಿದು, ದೂರದಲ್ಲಿ ಉರಿಯುತ್ತಿರುವ ಬೆಲ್ಜಿಯಂ ಕಡೆ ಕೈ ತೋರಿಸಿ, 'ನೀನು ಹೋಗುತ್ತೀಯಾ, ನಾನೇ ಹೋಗಲಾ?' ಎಂದು ಗಂಡಸನ್ನು ಕೇಳುತ್ತಾಳೆ. ಅಮೆರಿಕದಲ್ಲಿ ಹೊವಾರ್ಡ್ ಚಾಂಡ್ಲರ್ ಕ್ರಿಸ್ಟಿ 1917ರಲ್ಲಿ ನೌಕಾದಳದ ಉಡುಪು ತೊಟ್ಟ ನಗುಮುಖದ ಹುಡುಗಿಯನ್ನು ಬರೆದ. 'ಅಯ್ಯೋ, ನಾನು ಗಂಡಸಾಗಿದ್ದರೆ ನೌಕಾದಳ ಸೇರುತ್ತಿದ್ದೆ' ಎನ್ನುತ್ತಾಳೆ ಅವಳು. ಒಬ್ಬಳು ಕೆಣಕುತ್ತಾಳೆ, ಇನ್ನೊಬ್ಬಳು ಸೆಳೆಯುತ್ತಾಳೆ. ಇಬ್ಬರೂ ಕೈ ಹಾಕುವುದು ಗಂಡಸುತನ ಎನ್ನುವ ಒಂದೇ ನರಕ್ಕೆ. ಹೆಂಗಸರ ಹೆಸರಿನಲ್ಲಿ ಇವುಗಳನ್ನು ಹೊರತಂದವರು ಗಂಡಸರೇ ಎಂಬುದನ್ನು ಓದುವಾಗ ಮರೆಯಬೇಡಿ.

ಹಂತ 6: ಶತ್ರುವನ್ನು ಹೇಗೆ ಬರೆದಿದ್ದಾರೆ, ಅಥವಾ ಬರೆದೇ ಇಲ್ಲವೇ?

ಶತ್ರುವಿಗೆ ಮುಖ ಇದೆಯೇ ನೋಡಿ. ಇದ್ದರೆ ಅದು ಮನುಷ್ಯನ ಮುಖವೇ?

1917ರಲ್ಲಿ ಅಮೆರಿಕದ ಹ್ಯಾರಿ ಹಾಪ್ಸ್ ಜರ್ಮನಿಯನ್ನು ಗೊರಿಲ್ಲಾ ಮಾಡಿದ. ತಲೆಯ ಮೇಲೆ ಮೊಳೆ ತುದಿಯ ಜರ್ಮನ್ ಹೆಲ್ಮೆಟ್, ಕೈಯಲ್ಲಿ ರಕ್ತ ಹತ್ತಿದ ದೊಣ್ಣೆ, ಇನ್ನೊಂದು ತೋಳಿನಲ್ಲಿ ಅರೆಬೆತ್ತಲೆ ಹೆಂಗಸು. ಹಿಂದೆ ಸಮುದ್ರದಾಚೆ ಹಾಳಾದ ಯುರೋಪ್. ಪ್ರಾಣಿ ಕಾಲಿಟ್ಟಿರುವುದು 'ಅಮೆರಿಕ' ಎಂದು ಬರೆದ ದಡದ ಮೇಲೆ. 'ಈ ಹುಚ್ಚು ಮೃಗವನ್ನು ನಾಶ ಮಾಡು, ಸೈನ್ಯ ಸೇರು' ಎಂದಿದೆ. ಸಾವಿರಾರು ಮೈಲಿ ದೂರದ ಯುದ್ಧವನ್ನು ಒಂದು ಹೆಜ್ಜೆಯಲ್ಲಿ ಮನೆ ಬಾಗಿಲಿಗೆ ತಂದಿದ್ದಾರೆ. ಎದುರಾಳಿ ಮನುಷ್ಯನೇ ಅಲ್ಲ ಎಂದ ಮೇಲೆ ಅವನನ್ನು ಕೊಲ್ಲುವ ಪ್ರಶ್ನೆ ಮನಸ್ಸನ್ನು ಕಾಡುವುದಿಲ್ಲ. ನನ್ನ ಮಟ್ಟಿಗೆ ಈ ಬಗೆಯ ಪೋಸ್ಟರ್‌ಗಳಲ್ಲಿ ಅತ್ಯಂತ ಕ್ರೂರವಾದ ಕೆಲಸ ಇದೇ. ನೋಡುವಾಗ ಮೈ ಜುಮ್ಮೆಂದರೆ ಆ ಭಾವನೆಯನ್ನೂ ಹಾಳೆಯಲ್ಲಿ ಬರೆಯಿರಿ. ನೂರು ವರ್ಷದ ಮೇಲೂ ಕೆಲಸ ಮಾಡುವ ಚಿತ್ರ ಅದು.

ಇದಕ್ಕೆ ತದ್ವಿರುದ್ಧವಾಗಿ, ಶತ್ರುವನ್ನೇ ತೋರಿಸದ ಒಂದು ಪೋಸ್ಟರ್ ಇದೆ. 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯೊಂದು ಐರ್ಲೆಂಡಿನ ಹತ್ತಿರ ಲುಸಿಟಾನಿಯಾ ಎಂಬ ಪ್ರಯಾಣಿಕರ ಹಡಗನ್ನು ಮುಳುಗಿಸಿತು. ಸುಮಾರು 1,200 ಜನ ಸತ್ತರು. ಅದೇ ವರ್ಷ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯದಿದ್ದಾಗಲೇ, ಫ್ರೆಡ್ ಸ್ಪಿಯರ್ ಒಂದು ಪೋಸ್ಟರ್ ಬರೆದ. ಹಸಿರು ನೀರು. ಮುಳುಗುತ್ತಿರುವ ತಾಯಿ, ಎದೆಗೆ ಅವುಚಿಕೊಂಡ ಕೂಸು. ಕೆಳಗೆ ಒಂದೇ ಪದ, 'ಸೇರು'. ಹಡಗಿಲ್ಲ, ತಾರೀಖಿಲ್ಲ, ಜರ್ಮನಿಯ ಹೆಸರಿಲ್ಲ. ಆ ಪದದ ಮೇಲೆ ಅಂಗೈ ಇಡಿ. ಉಳಿಯುವುದು ಬರೀ ದುಃಖ. ಕೈ ತೆಗೆದರೆ ದುಃಖಕ್ಕೆ ಒಂದು ಕೆಲಸ ಸಿಕ್ಕಿಬಿಡುತ್ತದೆ. ಅಳುವ ಮನಸ್ಸು ಕೇಳುವ ಮೊದಲ ಪ್ರಶ್ನೆ 'ನಾನೀಗ ಏನು ಮಾಡಲಿ' ಎಂಬುದು. ಚಿತ್ರ ಅದಕ್ಕೆ ಒಂದೇ ಒಂದು ಉತ್ತರ ಕೊಟ್ಟು, ಬೇರೆ ಎಲ್ಲ ಉತ್ತರಗಳನ್ನೂ ಮುಚ್ಚುತ್ತದೆ.

ಮೂರನೆಯ ದಾರಿ ವಿಳಾಸ ಕೊಡುವುದು. 1914ರ ಡಿಸೆಂಬರ್ 16ರಂದು ಜರ್ಮನ್ ಯುದ್ಧನೌಕೆಗಳು ಇಂಗ್ಲೆಂಡಿನ ಸ್ಕಾರ್ಬರೊ ಊರಿನ ಮೇಲೆ ಗುಂಡು ಹಾರಿಸಿದವು. ಆಮೇಲೆ ಬಂದ ಒಂದು ಪೋಸ್ಟರಿನಲ್ಲಿ ಒಡೆದುಹೋದ ಮನೆ, ಅದರ ಮುಂದೆ ಕೂಸನ್ನು ಎತ್ತಿಕೊಂಡು ನಿಂತ ಪುಟ್ಟ ಹುಡುಗಿ. ಕೆಳಗೆ ಮನೆಯ ಸಂಖ್ಯೆ, ಬೀದಿಯ ಹೆಸರು. ಅದು ದುಡಿಯುವ ಮನುಷ್ಯನೊಬ್ಬನ ಮನೆ, ಅಲ್ಲಿ ನಾಲ್ವರು ಸತ್ತರು, ಅವರಲ್ಲಿ ತೀರಾ ಚಿಕ್ಕ ಮಗುವಿಗೆ 5 ವರ್ಷ ಎಂಬ ವಿವರ. ಗೊರಿಲ್ಲಾ ನೋಡಿ ನಂಬದವನೂ ಮನೆ ಸಂಖ್ಯೆ ನೋಡಿ ನಂಬುತ್ತಾನೆ. ನಡೆದದ್ದು ನಿಜವೇ. ಆ ನಿಜವನ್ನು 'ಇದನ್ನು ಸಹಿಸುತ್ತೀರಾ?' ಎಂಬ ಪ್ರಶ್ನೆಗೆ ಕಟ್ಟಿದ್ದು ಪೋಸ್ಟರಿನ ಕೆಲಸ. ಪ್ರಚಾರ ಎಂದರೆ ಸುಳ್ಳೇ ಆಗಿರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಂತ 7: ಬಣ್ಣ, ಅಕ್ಷರ, ಕೆಳಗಿನ ಪಟ್ಟಿ

ಆ ಕಾಲದ ಪೋಸ್ಟರ್‌ಗಳು ಹೆಚ್ಚಾಗಿ ಕಲ್ಲಚ್ಚಿನಲ್ಲಿ ಅಚ್ಚಾದವು. ಒಂದೊಂದು ಬಣ್ಣವನ್ನು ಬೇರೆಯಾಗಿ ಅಚ್ಚು ಹಾಕಬೇಕಿತ್ತು. ಬಣ್ಣ ಹೆಚ್ಚಿದಷ್ಟೂ ಖರ್ಚು, ಸಮಯ ಹೆಚ್ಚು. ಹಾಗಾಗಿ ಕಡಿಮೆ ಬಣ್ಣ, ದೊಡ್ಡ ಚಪ್ಪಟೆ ಹರಹು, ದಪ್ಪ ಗೆರೆ. ಈ ಮಿತಿಯೇ ಅವುಗಳ ಬಲವೂ ಆಯಿತು. ಮೋರ್‌ನ ಪೋಸ್ಟರಿನಲ್ಲಿ ಸೈನಿಕ ಪೂರ್ತಿ ಕೆಂಪು. ದೂರದಿಂದ ಮೊದಲು ಕಾಣುವುದು ಆ ಕೆಂಪೇ.

ಅಕ್ಷರ ಓದುವಾಗ ಯಾವ ಪದ ಎಲ್ಲಕ್ಕಿಂತ ದೊಡ್ಡದು ಎಂದು ಅಳೆಯಿರಿ. ಬಹಳ ಸಲ ಅದು 'ನೀನು'. ಅಂಕಲ್ ಸ್ಯಾಮ್ ಪೋಸ್ಟರಿನಲ್ಲಿ ಆ ಪದ ಮಾತ್ರ ಉಳಿದವಕ್ಕಿಂತ ದೊಡ್ಡದು, ಅದೂ ಕೆಂಪಿನಲ್ಲಿ. ಲಮ್ಲಿಯ ಪೋಸ್ಟರಿನಲ್ಲೂ ಆ ಪದಕ್ಕೇ ಒತ್ತು.

ಇನ್ನೊಂದು ಪುಟ್ಟ ವಿವರವನ್ನು ಜನ ಗಮನಿಸುವುದೇ ಇಲ್ಲ. ಅಂಕಲ್ ಸ್ಯಾಮ್ ಪೋಸ್ಟರಿನ ತೀರಾ ಕೆಳಗೆ 'ಹತ್ತಿರದ ಭರ್ತಿ ಕೇಂದ್ರ' ಎಂದು ಬರೆದು ಜಾಗ ಖಾಲಿ ಬಿಟ್ಟಿದ್ದರು. ಆಯಾ ಊರಿನವರು ಅಲ್ಲಿ ತಮ್ಮ ವಿಳಾಸ ಹಾಕಿಕೊಳ್ಳಬಹುದಿತ್ತು. ಮೇಲೆ ಎಬ್ಬಿಸಿದ ಭಾವನೆ ಆರುವ ಮೊದಲೇ ಕಾಲಿಗೆ ದಾರಿ ತೋರಿಸಬೇಕು. 'ಇಂದೇ', 'ಈಗಲೇ' ಎಂಬ ಪದಗಳು ಮತ್ತೆ ಮತ್ತೆ ಬರುವುದೂ ಇದಕ್ಕೇ. ನಾಳೆಯವರೆಗೆ ಯೋಚಿಸಿದವನು ಹೋಗದೆ ಉಳಿಯಬಹುದು.

ಹಂತ 8: ಇಲ್ಲದ್ದನ್ನು ಪಟ್ಟಿ ಮಾಡಿ

ಹಾಳೆಯ ಹಿಂಬದಿಗೆ ತಿರುಗಿಸಿ. ಈ ಚಿತ್ರದಲ್ಲಿ ಏನಿಲ್ಲ ಎಂದು ಬರೆಯಿರಿ. ಗಾಯಗೊಂಡ ಸೈನಿಕ? ಕಂದಕದ ಕೆಸರು? ಮುಳ್ಳುತಂತಿ? ಸಂಬಳ? ಎಷ್ಟು ವರ್ಷದ ಸೇವೆ? ಬ್ರಿಟಿಷ್ ಭರ್ತಿ ಪೋಸ್ಟರ್‌ಗಳ ಸೈನಿಕರು ಸಾಮಾನ್ಯವಾಗಿ ಶುಭ್ರವಾಗಿರುತ್ತಾರೆ, ನಗುತ್ತಿರುತ್ತಾರೆ, ನಡೆಯುತ್ತಿರುತ್ತಾರೆ. ಸತ್ತು ಬಿದ್ದವರು ಕಂಡರೆ ಅವರು ಹೆಂಗಸರು, ಮಕ್ಕಳು, ನಾಗರಿಕರು. ಸಾವು ಇದೆ, ಆದರೆ ಸೇರದಿದ್ದರೆ ಬರುವ ಸಾವಾಗಿ ಇದೆ. ಸೇರಿದರೆ ಬರುವ ಸಾವಿಗೆ ಅಲ್ಲಿ ಜಾಗವಿಲ್ಲ.

ಕೆಲವು ಕಡೆ ಇದು ತಿರುಗುಮುರುಗು. ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತದ ಜನರಿಗಾಗಿ ಬ್ರಿಟಿಷ್ ಸರ್ಕಾರ ಮಾಡಿಸಿದ ಒಂದು ಪೋಸ್ಟರ್ 'ಈ ಹಣ, ಈ ಬಂದೂಕು, ಈ ಸಮವಸ್ತ್ರ ಯಾರಿಗೆ? ಸೈನ್ಯಕ್ಕೆ ಸೇರುವವನಿಗೆ' ಎಂಬ ಅರ್ಥದ ಮಾತು ಹೇಳುತ್ತದೆ. ಇಲ್ಲಿ ಸಂಬಳ ಎದುರಿಗೇ ಇದೆ. ಮಾಯವಾಗಿರುವುದು ಯುದ್ಧದ ಕಾರಣ. ಯಾರ ಮೇಲೆ, ಯಾಕೆ, ಯಾರಿಗಾಗಿ ಎಂಬ ಮಾತಿಲ್ಲ. ಬ್ರಿಟನ್ನಿನ ಯುವಕನಿಗೆ 'ನಿನ್ನ ದೇಶ' ಎಂದವರು ಆಳಿಸಿಕೊಳ್ಳುತ್ತಿದ್ದ ದೇಶದ ಯುವಕನ ಮುಂದೆ ಹಣ ಹಿಡಿದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಭರ್ತಿ ಮಾಡುವವರು ಯಾರನ್ನು ಏನೆಂದು ಎಣಿಸಿದ್ದರು ಎಂಬುದು ಕಾಣುತ್ತದೆ.

ಹಂತ 9: ಕೆಲಸ ಮಾಡಿತೇ ಎಂದು ಕೇಳಿ, ಉತ್ತರಕ್ಕೆ ಅವಸರ ಬೇಡ

ಒಳ್ಳೆಯ ಪೋಸ್ಟರ್ ನೋಡಿದಾಗ ಇದನ್ನು ಕಂಡೇ ಲಕ್ಷಾಂತರ ಜನ ಸೇರಿರಬೇಕು ಎಂದು ಅನಿಸಿಬಿಡುತ್ತದೆ. ಅಂಕಿಗಳನ್ನು ನೋಡಿ. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಜನ ಸ್ವಇಚ್ಛೆಯಿಂದ ಸೇರಿದ ತಿಂಗಳು 1914ರ ಸೆಪ್ಟೆಂಬರ್. ಆ ಒಂದೇ ತಿಂಗಳಲ್ಲಿ 4,60,000ಕ್ಕೂ ಹೆಚ್ಚು ಜನ ಸೇರಿದರು. ಆಗ ನಾವು ಇಲ್ಲಿ ನೋಡಿದ ಬಹುತೇಕ ಪೋಸ್ಟರ್‌ಗಳು ಹುಟ್ಟಿಯೇ ಇರಲಿಲ್ಲ. 1915ರಲ್ಲಿ ಸೇರುವವರ ಸಂಖ್ಯೆ ಇಳಿಯುತ್ತಾ ಹೋದಂತೆ ಪೋಸ್ಟರ್‌ಗಳ ದನಿ ಏರಿತು. ಕೊನೆಗೆ ಕಾನೂನೇ ಬೇಕಾಯಿತು. ಲೀಟ್‌ನ ಕಿಚನರ್ ಚಿತ್ರ ಕೂಡ ಇಂದು ಇರುವಷ್ಟು ಪ್ರಸಿದ್ಧವಾಗಿ ಆಗ ಇರಲಿಲ್ಲ ಎಂದು ಇತಿಹಾಸ ಬಲ್ಲವರು ವಾದಿಸಿದ್ದಾರೆ. ಜನ ಸೈನ್ಯ ಸೇರಲು ಗೆಳೆಯರು ಹೊರಟದ್ದು, ಕೆಲಸ ಹೋದದ್ದು, ಊರಿನ ಒತ್ತಡ, ಪತ್ರಿಕೆಯ ಸುದ್ದಿ, ಹೀಗೆ ಹತ್ತು ಕಾರಣಗಳಿದ್ದವು.

ಚಿತ್ರ ಎಡವಿದ ಉದಾಹರಣೆಯೂ ಉಂಟು. ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಬ್ರಿಟಿಷ್ ಸೈನ್ಯದ ಮಹಿಳಾ ದಳಕ್ಕಾಗಿ ಏಬ್ರಾಮ್ ಗೇಮ್ಸ್ ಒಂದು ಪೋಸ್ಟರ್ ಬರೆದರು. ಹೊಂಗೂದಲು, ತುಟಿಗೆ ಬಣ್ಣ, ಅರ್ಧ ನೆರಳಿನಲ್ಲಿ ಪಕ್ಕದಿಂದ ಕಾಣುವ ಸುಂದರ ಮುಖ. ಸಿನಿಮಾ ತಾರೆಯ ಹಾಗೆ. ವಿನ್ಯಾಸದ ದೃಷ್ಟಿಯಿಂದ ಅದ್ಭುತ ಕೆಲಸ. ಆದರೆ ಅತಿ ಮೋಹಕವಾಯಿತು ಎಂಬ ಆಕ್ಷೇಪ ಪಾರ್ಲಿಮೆಂಟಿನವರೆಗೂ ಹೋಯಿತು, ಪೋಸ್ಟರನ್ನು ಹಿಂದಕ್ಕೆ ತೆಗೆದುಕೊಂಡರು. ಹೋಗಬೇಕಾದವಳು ಹುಡುಗಿ. ಕಳಿಸಬೇಕಾದವರು ಮನೆಯವರು. ಮನೆಯವರ ಕಣ್ಣಿನಲ್ಲಿ ಆ ಚಿತ್ರ ನಿಲ್ಲಲಿಲ್ಲ.

ಹಂತ 10: ಒಂದೇ ವಾಕ್ಯದಲ್ಲಿ ಬರೆಯಿರಿ

ಈಗ ಹಾಳೆಯ ಎರಡೂ ಬದಿಯನ್ನು ಮುಂದಿಟ್ಟುಕೊಂಡು ಒಂದು ವಾಕ್ಯ ಕಟ್ಟಿ. ಅದರಲ್ಲಿ ನಾಲ್ಕು ವಿಷಯ ಇರಲಿ. ಪೋಸ್ಟರ್ ನನ್ನನ್ನು ಯಾರೆಂದು ಎಣಿಸಿದೆ, ಎಲ್ಲಿ ನಿಲ್ಲಿಸಿದೆ, ಏನು ಮಾಡು ಎಂದಿದೆ, ಏನನ್ನು ಮುಚ್ಚಿಟ್ಟಿದೆ. ವಾಕ್ಯ ಕೂಡಿಬರದಿದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ, ಮತ್ತೆ ಕಣ್ಣಿನಿಂದ ಶುರು ಮಾಡಿ.

ಲಮ್ಲಿಯ ಪೋಸ್ಟರಿಗೆ ನಾನು ಬರೆದುಕೊಂಡದ್ದು ಇದು: 'ನನ್ನನ್ನು ಒಬ್ಬ ಅಪ್ಪ ಎಂದು ಎಣಿಸಿ, ಇನ್ನೂ ಬಾರದ ಒಂದು ಸಂಜೆ ನನ್ನದೇ ಮನೆಯ ಕುರ್ಚಿಯಲ್ಲಿ ಮಗಳಿಗೆ ಉತ್ತರ ಕೊಡಲಾಗದೆ ಕೂರಿಸಿ, ಆ ಸಂಜೆಯಿಂದ ಪಾರಾಗಬೇಕಾದರೆ ಇಂದೇ ಸೈನ್ಯ ಸೇರು ಎನ್ನುವ ಈ ಚಿತ್ರ, ಸೇರಿದ ಅಪ್ಪ ವಾಪಸ್ ಬಾರದೆ ಕುರ್ಚಿಯೇ ಖಾಲಿ ಉಳಿದ ಮನೆಯನ್ನು ತೋರಿಸುವುದಿಲ್ಲ.'